ಪಾಂಡವಪುರ ಉಪವಿಭಾಗದ ಸುಗ್ಗಿ ಸಂಕ್ರಾಂತಿ

ಸುಗ್ಗಿ ಸಂಕ್ರಾಂತಿಯು ಕರ್ನಾಟಕದ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದಲ್ಲಿ ಮಾಗಿಯ ಚಳಿಯ ನಡುವೆ ಬರುವ ಕೌಟುಂಬಿಕ ಹಬ್ಬವಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್.ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳು ಈ ಉಪವಿಭಾಗಕ್ಕೆ ಸೇರಿವೆ. ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುವ ದಿನ, ಅಂದರೆ ಜನವರಿ 14 ಅಥವಾ 15ರಂದು ಈ ಹಬ್ಬವನ್ನು ಆಚರಿಸಲಾಗುತ್ತದೆ. ಬೆಳೆ ಮನೆ ಸೇರುವ ಈ ಕಾಲವು ಊರು ಬಿಟ್ಟು ಹೋದ ಮಕ್ಕಳು ಹಿರಿಯರ ಮನೆಗೆ ಮರಳುವ ಕಾಲವೂ ಹೌದು. ಹಬ್ಬದ ಆಚರಣೆಗಳು ಬೇಸಾಯ ಮತ್ತು ದನಕರುಗಳ ಸುತ್ತ ರೂಪುಗೊಂಡಿವೆ. ಇವೆರಡೂ ಹಲವು ಮನೆಗಳಿಂದ ಹಿಂದೆ ಸರಿದಂತೆ, ಮನೆಯವರೆಲ್ಲರೂ ಒಂದೆಡೆ ಸೇರುವುದೇ ಹಬ್ಬದ ಮುಖ್ಯ ಅಂಗವಾಗುತ್ತಿದೆ.

ಹಿನ್ನೆಲೆ

ಮಂಡ್ಯ ಜಿಲ್ಲೆಯು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ನಾಲ್ಕು ತಾಲ್ಲೂಕುಗಳ ಬೇಸಾಯವು ನೀರಿನ ಲಭ್ಯತೆಗೆ ಅನುಗುಣವಾಗಿ ಭಿನ್ನವಾಗಿದೆ. ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರ ಅಣೆಕಟ್ಟೆಯ ನಿರ್ಮಾಣವು 1911ರಲ್ಲಿ ಆರಂಭವಾಯಿತು. ಅದರ ನಾಲೆಗಳಿಂದಾಗಿ ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಭಾಗದಲ್ಲಿ ಭತ್ತ ಮತ್ತು ಕಬ್ಬು ಪ್ರಧಾನ ಬೆಳೆಗಳಾದವು. ಕೃಷ್ಣರಾಜಪೇಟೆ ತಾಲ್ಲೂಕಿನ ಮೂಲಕ ಹೇಮಾವತಿ ನದಿ ಹರಿಯುತ್ತದೆ. ಮಳೆಯಾಶ್ರಿತ ಭೂಮಿ ಹೆಚ್ಚಾಗಿರುವ ನಾಗಮಂಗಲದಲ್ಲಿ ರಾಗಿ, ಹುರುಳಿ ಮತ್ತು ತೆಂಗು ಮುಖ್ಯವಾದವು.

ಮಳೆಗಾಲದಲ್ಲಿ ಬಿತ್ತಿದ ರಾಗಿ ಮತ್ತು ನಾಟಿ ಮಾಡಿದ ಭತ್ತ ಎರಡೂ ನವೆಂಬರ್‌ನಿಂದ ಜನವರಿಯ ನಡುವೆ ಕೊಯ್ಲಿಗೆ ಬರುತ್ತವೆ. ಆದ್ದರಿಂದ ನೀರಾವರಿ ಪ್ರದೇಶಕ್ಕೂ ಮಳೆಯಾಶ್ರಿತ ಪ್ರದೇಶಕ್ಕೂ ಸಂಕ್ರಾಂತಿಯು ಸಮಾನವಾಗಿ ಸುಗ್ಗಿಯ ಹಬ್ಬವೆನಿಸಿದೆ. ಹಿಮ ಬೀಳುವ ಉತ್ತರದ ದೇಶಗಳಲ್ಲಿ ಹೊಲದ ಕೆಲಸ ನಿಂತು ಜನರು ಮನೆಯೊಳಗೆ ಸೇರುವ ತಿಂಗಳುಗಳೇ ಇಲ್ಲಿ ವರ್ಷದ ಅತ್ಯಂತ ದುಡಿಮೆಯ ತಿಂಗಳುಗಳಾಗಿವೆ. ಈ ದುಡಿಮೆ ಮುಗಿಯುವ ಹೊತ್ತಿಗೆ ಹಬ್ಬ ಬರುತ್ತದೆ.

ಮಾಗಿಕಾಲದ ದಿನಚರಿ

ಮಾಗಿಕಾಲದಲ್ಲಿ ಮುಂಜಾನೆ ಇಬ್ಬನಿ ಮತ್ತು ಮಂಜು ಕವಿದಿರುತ್ತದೆ. ರಾತ್ರಿಯ ಉಷ್ಣಾಂಶವು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಮನೆಯ ದಿನವು ಬಚ್ಚಲ ಹಂಡೆಯ ಒಲೆಯಿಂದ ಆರಂಭವಾಗುತ್ತದೆ. ತೆಂಗಿನ ಗರಿ, ಮಟ್ಟೆ ಮತ್ತು ಕಬ್ಬಿನ ಒಣರವದಿಯನ್ನು ಉರುವಲಾಗಿ ಬಳಸಲಾಗುತ್ತದೆ. ಚಳಿ ಕಾಯಿಸಿಕೊಳ್ಳಲು ಮಕ್ಕಳೂ ಮುದುಕರೂ ಇದೇ ಒಲೆಯ ಸುತ್ತ ಕುಳಿತುಕೊಳ್ಳುವುದು ರೂಢಿ.

ಹಳೆಯ ತೊಟ್ಟಿಮನೆಗಳಲ್ಲಿ ನಡುವಿನ ತೊಟ್ಟಿಯ ಸುತ್ತಲಿನ ಪಡಸಾಲೆಯು ಅವರೆಕಾಯಿ ಸುಲಿಯುವ, ಕಾಳು ಹಸನು ಮಾಡುವ ಹಾಗೂ ನೆಂಟರನ್ನು ಕೂರಿಸುವ ಸ್ಥಳವಾಗಿತ್ತು. ರಾಗಿಯನ್ನು ಮಣ್ಣಿನ ವಾಡೆಗಳಲ್ಲಿ ಅಥವಾ ನೆಲದೊಳಗಿನ ಹಗೇವುಗಳಲ್ಲಿ ಸಂಗ್ರಹಿಸಿಡಲಾಗುತ್ತಿತ್ತು.

ಸೊಗಡಿನ ಅವರೆಕಾಯಿ ಈ ಕಾಲದ ವಿಶೇಷ ಆಹಾರವಾಗಿದೆ. ನೆನೆಸಿದ ಕಾಳಿನ ಸಿಪ್ಪೆಯನ್ನು ಬೆರಳುಗಳಿಂದ ಹಿತುಕಿ ತೆಗೆದು ಮಾಡುವ ಹಿತಕಿದ ಬೇಳೆ ಸಾರನ್ನು ರಾಗಿಮುದ್ದೆಯೊಂದಿಗೆ ಉಣ್ಣಲಾಗುತ್ತದೆ. ಹತ್ತಾರು ಜನರ ಊಟಕ್ಕೆ ಬೇಕಾಗುವಷ್ಟು ಕಾಳನ್ನು ಹಿತುಕುವುದು ಬಹಳ ಹೊತ್ತಿನ ಕೆಲಸ. ಮನೆಯ ಹೆಂಗಸರು ಮತ್ತು ಮಕ್ಕಳು ಒಟ್ಟಿಗೆ ಕುಳಿತು ಇದನ್ನು ಮಾಡುತ್ತಾರೆ.

ಕಣ ಮತ್ತು ರಾಶಿ ಪೂಜೆ

ಕೊಯ್ದ ಬೆಳೆಯನ್ನು ಮೆದೆ ಒಟ್ಟಿದ ನಂತರ ಕಣ ಸಿದ್ಧಪಡಿಸಲಾಗುತ್ತದೆ. ನೆಲವನ್ನು ಸಮತಟ್ಟು ಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ಎಂಬ ಕಂಬವನ್ನು ನೆಡಲಾಗುತ್ತಿತ್ತು. ಎತ್ತುಗಳಿಂದ ತುಳಿಸಿ ಅಥವಾ ರೋಣಗಲ್ಲನ್ನು ಉರುಳಿಸಿ ಕಾಳನ್ನು ಬೇರ್ಪಡಿಸಲಾಗುತ್ತಿತ್ತು. ತೂರಿ ಹಸನು ಮಾಡಿದ ಕಾಳಿನ ರಾಶಿಯ ಮೇಲೆ ಸಗಣಿಯ ಬೆನಕನನ್ನಿಟ್ಟು, ಗರಿಕೆ ಮತ್ತು ಹೂಗಳಿಂದ ಪೂಜಿಸುವುದಕ್ಕೆ ರಾಶಿ ಪೂಜೆ ಎಂದು ಹೆಸರು. ಪೂಜೆಯ ನಂತರ ಕಣಕ್ಕೆ ಬಂದವರಿಗೆ ಮೊರದಲ್ಲಿ ಕಾಳು ನೀಡುವ ಪದ್ಧತಿಯಿತ್ತು. ಬಡಗಿ, ಕಮ್ಮಾರ, ಮಡಿವಾಳ ಮೊದಲಾದ ಕುಲಕಸುಬಿನವರು ವರ್ಷವಿಡೀ ಮಾಡಿದ ಕೆಲಸದ ಪ್ರತಿಫಲವನ್ನು ಕಣದಲ್ಲಿಯೇ ಪಡೆಯುತ್ತಿದ್ದರು. ಹೀಗಾಗಿ ಸುಗ್ಗಿಯು ಒಂದು ಮನೆಯ ಲೆಕ್ಕವಷ್ಟೇ ಆಗಿರದೆ ಊರಿನ ಲೆಕ್ಕವೂ ಆಗಿತ್ತು.

ಹಬ್ಬದ ದಿನ

ಹಬ್ಬಕ್ಕೆ ಮುನ್ನ ಮನೆಯನ್ನು ಸುಣ್ಣ ಬಳಿದು ಸಿಂಗರಿಸಲಾಗುತ್ತದೆ. ಎಳ್ಳು, ಬೆಲ್ಲ, ಒಣಕೊಬ್ಬರಿ, ಕಡಲೆಕಾಯಿ ಬೀಜ ಮತ್ತು ಹುರಿಗಡಲೆಯನ್ನು ಬೆರೆಸಿ ಎಳ್ಳುಬೆಲ್ಲವನ್ನು ತಯಾರಿಸುತ್ತಾರೆ. ಬೆಲ್ಲ ಮತ್ತು ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ ಬಿಸಿಲಿಗೆ ಒಣಗಿಸುವ ಕೆಲಸವು ಕೆಲವು ದಿನಗಳ ಮೊದಲೇ ಆರಂಭವಾಗುತ್ತದೆ. ಕಬ್ಬು ಬೆಳೆಯುವ ಊರುಗಳಲ್ಲಿ ಬೆಲ್ಲವನ್ನು ಹತ್ತಿರದ ಆಲೆಮನೆಗಳಿಂದಲೇ ತರುತ್ತಾರೆ.

ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನ, ಪೂಜೆ ಮತ್ತು ಹುಗ್ಗಿಯ ಊಟ ನಡೆಯುತ್ತವೆ. ಬೇಯಿಸಿದ ಅವರೆಕಾಯಿ, ಕಡಲೆಕಾಯಿ ಮತ್ತು ಸಿಹಿಗೆಣಸು ಎಲ್ಲ ಮನೆಗಳಲ್ಲಿಯೂ ಇರುತ್ತವೆ. ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಮತ್ತು ಬಾಳೆಹಣ್ಣನ್ನು ಇಟ್ಟುಕೊಂಡು ನೆರೆಹೊರೆಗೆ ಹಂಚುತ್ತಾರೆ. ಇದನ್ನು ಎಳ್ಳು ಬೀರುವುದು ಎನ್ನುತ್ತಾರೆ. ವರ್ಷದಲ್ಲಿ ಮಾತು ಬಿಟ್ಟವರ ಮನೆಗೂ ಈ ದಿನ ಎಳ್ಳು ಕೊಂಡೊಯ್ಯಲು ಅವಕಾಶವಿದ್ದು, ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬ ಜನಜನಿತ ಮಾತು ಇದನ್ನೇ ಸೂಚಿಸುತ್ತದೆ. ಕೆಲವು ಸಮುದಾಯಗಳಲ್ಲಿ ಚಿಕ್ಕಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು ಮತ್ತು ಕಾಸುಗಳನ್ನು ಎರೆದು ಆರತಿ ಬೆಳಗುವ ಪದ್ಧತಿಯಿದೆ.

ಹಬ್ಬದ ದಿನ ದನಕರುಗಳಿಗೆ ಕೆಲಸ ಹಚ್ಚುವುದಿಲ್ಲ. ಅವುಗಳನ್ನು ಕೆರೆ ಅಥವಾ ನಾಲೆಯಲ್ಲಿ ತೊಳೆದು, ಕೊಂಬುಗಳಿಗೆ ಬಣ್ಣ ಬಳಿದು, ಹೂಹಾರ ಮತ್ತು ಗೆಜ್ಜೆಗಳಿಂದ ಅಲಂಕರಿಸುತ್ತಾರೆ. ಮುಸ್ಸಂಜೆ ಊರಬಾಗಿಲ ಬಳಿ ಹುಲ್ಲು ಹರಡಿ ಬೆಂಕಿ ಹಚ್ಚಿ, ದನಗಳನ್ನು ಅದರ ಮೇಲೆ ಓಡಿಸುತ್ತಾರೆ. ಇದಕ್ಕೆ ಕಿಚ್ಚು ಹಾಯಿಸುವುದು ಎಂದು ಹೆಸರು. ಇದರಿಂದ ಜಾನುವಾರುಗಳಿಗೆ ರೋಗರುಜಿನ ತಗಲುವುದಿಲ್ಲವೆಂಬ ನಂಬಿಕೆಯಿದೆ. ಅದೇ ಸಂಜೆ ಶ್ರೀರಂಗಪಟ್ಟಣದ ಶ್ರೀರಂಗನಾಥಸ್ವಾಮಿ ದೇವಾಲಯದ ಬಳಿ ಲಕ್ಷದೀಪೋತ್ಸವ ನಡೆಯುತ್ತದೆ. ಇದರ ನಂತರ ಜಾತ್ರೆಗಳ ಕಾಲ ಆರಂಭವಾಗುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ಮತ್ತು ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ತಳಿಯ ಎತ್ತುಗಳ ಮಾರಾಟ ನಡೆಯುತ್ತದೆ.

ಬಂಧುಗಳ ಕೂಡಿಕೆ

ಈ ಭಾಗದ ಹಬ್ಬಗಳಲ್ಲಿ ಮನೆಗೆ ಬರುವವರು ಬೇರೆ ಬೇರೆ. ಗೌರಿ ಹಬ್ಬದಲ್ಲಿ ತವರಿನ ಬಾಗಿನಕ್ಕೆ ಮದುವೆಯಾದ ಹೆಣ್ಣುಮಕ್ಕಳು ಕಾಯುತ್ತಾರೆ. ಪಿತೃಪಕ್ಷದಲ್ಲಿ ಅಣ್ಣತಮ್ಮಂದಿರು ಸೇರಿ ಹಿರಿಯರಿಗೆ ಎಡೆಯಿಡುತ್ತಾರೆ. ಸಂಕ್ರಾಂತಿಯಲ್ಲಿ ಇಬ್ಬರೂ ಬರುವುದುಂಟು. ಮನೆಯವರೆಲ್ಲರೂ ಇರುವುದರಿಂದ ಮದುವೆಯ ಮಾತುಕತೆ, ಸಾಲದ ತೀರುವಳಿ ಮತ್ತು ಜಮೀನಿನ ಪಾಲು ಮುಂತಾದ ವಿಷಯಗಳೂ ಹಬ್ಬದ ಆಸುಪಾಸಿನಲ್ಲಿಯೇ ಚರ್ಚೆಗೆ ಬರುತ್ತವೆ. ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ನೀಡಿತು. ಆದರೆ ಅಂದಿಗಾಗಲೇ ಮದುವೆಯಾಗಿದ್ದವರು ಇದರ ವ್ಯಾಪ್ತಿಗೆ ಒಳಪಡಲಿಲ್ಲ. ಈ ವ್ಯತ್ಯಾಸವನ್ನು 2005ರ ಕೇಂದ್ರ ತಿದ್ದುಪಡಿಯು ತೆಗೆದುಹಾಕಿತು. ಇದರಿಂದಾಗಿ ತವರಿಗೆ ಬರುವ ಮಗಳು ಕಾನೂನಿನ ದೃಷ್ಟಿಯಲ್ಲಿ ನೆಂಟಳಷ್ಟೇ ಅಲ್ಲ, ಪಾಲುದಾರಳೂ ಹೌದು.

ಸಾಹಿತ್ಯದಲ್ಲಿ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ಕವನ ಸಂಕಲನವು ದಾಂಪತ್ಯ, ತವರು ಮತ್ತು ಮಾವನ ಮನೆಯ ಬಾಂಧವ್ಯಗಳನ್ನು ವಸ್ತುವಾಗಿ ಹೊಂದಿದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು ಗ್ರಾಮೀಣ ಬದುಕಿನ ಹಾಡು, ಆಚರಣೆ ಮತ್ತು ವಸ್ತುಗಳ ಸಂಗ್ರಹಕ್ಕಾಗಿ ರಾಮನಗರದ ಬಳಿ ಜಾನಪದ ಲೋಕವನ್ನು ಸ್ಥಾಪಿಸಿದರು.

ಬದಲಾವಣೆಗಳು

ಟ್ರ್ಯಾಕ್ಟರ್ ಮತ್ತು ಒಕ್ಕಣೆ ಯಂತ್ರಗಳ ಬಳಕೆ ಹೆಚ್ಚಿದಂತೆ ಕಣ ಮತ್ತು ಉಳುವ ಎತ್ತುಗಳು ಅನೇಕ ಮನೆಗಳಿಂದ ಮರೆಯಾಗಿವೆ. ರಾಗಿ ಮತ್ತು ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವುದೂ ಕಂಡುಬರುತ್ತದೆ. ಇದು ಅಪಘಾತಗಳಿಗೆ ಕಾರಣವಾಗುತ್ತದೆ. ಮಿಶ್ರತಳಿಯ ಹಾಲಿನ ಹಸುಗಳನ್ನು ಕಿಚ್ಚಿಗೆ ತರದೆ ಕೊಟ್ಟಿಗೆಯಲ್ಲಿಯೇ ಪೂಜಿಸುವವರಿದ್ದಾರೆ. ಎಳ್ಳುಬೆಲ್ಲವು ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ.

ಉದ್ಯೋಗಕ್ಕಾಗಿ ಬೆಂಗಳೂರು ಮತ್ತು ಮೈಸೂರಿಗೆ ಹೋದವರಲ್ಲದೆ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಂದ ಮುಂಬಯಿಗೆ ವಲಸೆ ಹೋದ ಕುಟುಂಬಗಳೂ ಗಣನೀಯವಾಗಿವೆ. 2020ರ ಮೇ ತಿಂಗಳಲ್ಲಿ ಕೋವಿಡ್ ಲಾಕ್‌ಡೌನ್ ಸಮಯದಲ್ಲಿ ಮುಂಬಯಿಯಿಂದ ಅನೇಕರು ಈ ತಾಲ್ಲೂಕುಗಳಿಗೆ ಮರಳಿದಾಗ, ಅವರನ್ನು ನೇರವಾಗಿ ಮನೆಗೆ ಬಿಡದೆ ಕ್ವಾರಂಟೈನ್ ಕೇಂದ್ರಗಳಲ್ಲಿ ಇರಿಸಲಾಯಿತು. ದುಡಿಮೆ ನಿಂತಾಗ ಮರಳಲು ಊರಿನಲ್ಲಿ ಒಂದು ಮನೆಯಿದೆ ಎಂಬ ಭರವಸೆಯ ಮೇಲೆ ಈ ವಲಸೆ ನಿಂತಿದೆ ಎಂಬುದು ಆಗ ಸ್ಪಷ್ಟವಾಯಿತು.

ವರ್ಷವಿಡೀ ವೃದ್ಧ ತಂದೆತಾಯಿಗಳಷ್ಟೇ ಇರುವ ಅಥವಾ ಬೀಗ ಹಾಕಿರುವ ಮನೆಗಳು ಈ ಊರುಗಳಲ್ಲಿ ಸಾಮಾನ್ಯವಾಗಿವೆ. ಇಂತಹ ಮನೆಗಳ ಬಾಗಿಲು ತೆರೆಯುವ, ಒಲೆ ಹೊತ್ತಿಸುವ ಮತ್ತು ಮೊಮ್ಮಕ್ಕಳಿಗೆ ನೆಂಟರಿಷ್ಟರ ಪರಿಚಯ ಮಾಡಿಸುವ ದಿನವಾಗಿ ಸಂಕ್ರಾಂತಿಯು ಮುಂದುವರಿದಿದೆ.