ಪೊರಕೆಯ ತುದಿಯಲ್ಲಿ ಅಹಿಂಸೆ

ಗೃಹಸ್ಥನ ಮನೆಯಲ್ಲಿ ಅರಿವಿಲ್ಲದೆ ಹಿಂಸೆ ನಡೆಯುವ ಐದು ಸ್ಥಾನಗಳನ್ನು ಪೂರ್ವಿಕರು ಎಣಿಸಿದ್ದಾರೆ: ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ ಮತ್ತು ಪೊರಕೆ. ಇವುಗಳಿಗೆ ಪಂಚಸೂನೆಗಳೆಂದು ಹೆಸರು. ವೈದಿಕ ಧರ್ಮಶಾಸ್ತ್ರದಲ್ಲಿಯೂ ಈ ಎಣಿಕೆ ಉಂಟು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ದಾನಕ್ಕೆ ಪಾತ್ರರಾದ ಮುನಿಗಳನ್ನು ಈ ಸೂನೆಗಳಿಂದ ದೂರವಾದವರೆಂದೇ ಗುರುತಿಸುತ್ತದೆ. ಒನಕೆ, ಬೀಸುವ ಕಲ್ಲುಗಳು ಇಂದು ಬಹುತೇಕ ಮನೆಗಳಿಂದ ನಿರ್ಗಮಿಸಿವೆ. ಪೊರಕೆ ಮಾತ್ರ ಉಳಿದಿದೆ.

ಹಾಗಾದರೆ ಗುಡಿಸುವುದೇ ಪಾಪವೆ? ಹಾಗೆಂದು ಯಾವ ಆಚಾರ್ಯರೂ ಹೇಳಿಲ್ಲ. ಮನೆಗೆಲಸದಲ್ಲಿ ಅನಿವಾರ್ಯವಾಗಿ ಸಂಭವಿಸುವುದು ಆರಂಭೀ ಹಿಂಸೆ. ಶ್ರಾವಕನು ಅದನ್ನು ಸಂಪೂರ್ಣವಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ತತ್ತ್ವಾರ್ಥಸೂತ್ರವು ತನ್ನ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಇರಿಸುತ್ತದೆ. ಮನೆಯ ಸ್ವಚ್ಛತೆಯ ವಿಷಯದಲ್ಲಿ ಈ ಪ್ರಮಾದವು ಗುಡಿಸುವ ಕ್ಷಣದಲ್ಲಿ ಹುಟ್ಟುವುದಿಲ್ಲ. ಗುಡಿಸದೆ ಮುಂದೂಡಿದ ದಿನಗಳಲ್ಲಿ ಹುಟ್ಟುತ್ತದೆ.

ದೀಪಾವಳಿಯ ಹಿಂದಿನ ವಾರವನ್ನು ನೆನೆಯಿರಿ. ವರ್ಷವಿಡೀ ಮುಟ್ಟದ ಅಟ್ಟವನ್ನು ಅಂದು ತೆರೆಯುತ್ತೇವೆ. ಪೆಟ್ಟಿಗೆಗಳ ಹಿಂದೆ ಜಿರಳೆಗಳು ಸಂಸಾರ ಹೂಡಿವೆ. ಅವುಗಳ ಒಂದೊಂದು ಮೊಟ್ಟೆಚೀಲದಲ್ಲಿ ಹತ್ತಾರು ಮರಿಗಳು ಬೆಳೆಯುತ್ತಿರುತ್ತವೆ. ಹಳೆಯ ಪುಸ್ತಕಗಳಲ್ಲಿ ಗೆದ್ದಲು, ಮೂಲೆಗಳಲ್ಲಿ ಜೇಡರ ಬಲೆ. ಆಗ ಕೈಗೆ ಬರುವುದು ವಿಷದ ಸಿಂಪರಣೆ. ಭಗವಾನ್ ಮಹಾವೀರರ ನಿರ್ವಾಣವನ್ನು ಸ್ಮರಿಸುವ ಹಬ್ಬಕ್ಕೆ ಮನೆಯನ್ನು ಸಿದ್ಧಗೊಳಿಸುವ ಭರದಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳು ಒಂದೇ ಅಪರಾಹ್ನದಲ್ಲಿ ಅಳಿಯುತ್ತವೆ. ಪ್ರತಿದಿನ ಆ ಮೂಲೆಯನ್ನು ಮೃದುವಾಗಿ ಮುಟ್ಟಿದ್ದರೆ ಅಲ್ಲಿ ಗೂಡೇ ಕಟ್ಟುತ್ತಿರಲಿಲ್ಲ. ಕೊಲ್ಲುವ ಸಂದರ್ಭವೇ ಒದಗದಂತೆ ನೋಡಿಕೊಳ್ಳುವುದು ಅಹಿಂಸೆಯ ಹೆಚ್ಚು ಸೂಕ್ಷ್ಮವಾದ ರೂಪ.

ಮುನಿಗಳ ಚರ್ಯೆಯಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ಆದಾನ-ನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಸವರಿ, ಅನಂತರವೇ ಮುಟ್ಟುವುದು. ದಿಗಂಬರ ಮುನಿಗಳ ಕೈಯ ನವಿಲುಗರಿಯ ಪಿಂಛಿ ಇದಕ್ಕಾಗಿಯೇ ಇದೆ. ಧೂಳನ್ನು ಹಿಡಿಯದಿರುವುದು, ಬೆವರನ್ನು ಹೀರದಿರುವುದು, ಮೃದುತ್ವ, ಸುಕುಮಾರತೆ, ಹಗುರತನ ಎಂದು ಮೂಲಾಚಾರವು ಅದರ ಐದು ಗುಣಗಳನ್ನು ಹೇಳುತ್ತದೆ. ಶ್ವೇತಾಂಬರ ಸಾಧು-ಸಾಧ್ವಿಯರು ತಮ್ಮ ವಸ್ತ್ರ-ಪಾತ್ರೆಗಳನ್ನು ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ಪರೀಕ್ಷಿಸುವ ಪ್ರತಿಲೇಖನವೂ ಇದೇ ಜಾತಿಯದು. ಇವರಲ್ಲಿ ಯಾರೂ ತಿಂಗಳಿಗೊಮ್ಮೆ ಮಹಾಶುದ್ಧಿ ಮಾಡುವವರಲ್ಲ. ಇನ್ನೊಂದು ಮಾತು: ಎಷ್ಟೇ ಹಿರಿಯ ಆಚಾರ್ಯರಾದರೂ ತಾವು ಕುಳಿತುಕೊಳ್ಳುವ ಸ್ಥಳವನ್ನು ತಾವೇ ಪ್ರಮಾರ್ಜನೆ ಮಾಡುತ್ತಾರೆ. ಮನೆಯ ಪೊರಕೆಯನ್ನು ಗೃಹಿಣಿಯ ಕೈಗೆ ಮಾತ್ರ ಒಪ್ಪಿಸಿ ಸ್ವಾಧ್ಯಾಯಕ್ಕೆ ಕೂರುವ ಪುರುಷರು ಇದನ್ನು ಗಮನಿಸಬೇಕು.

ಗೃಹಸ್ಥನು ಇಷ್ಟನ್ನೆಲ್ಲ ಒಮ್ಮೆಗೇ ಸಾಧಿಸಲಾರ. ಅವನಿಗಾಗಿಯೇ ಸಮಂತಭದ್ರರು ಯಮ ಮತ್ತು ನಿಯಮಗಳನ್ನು ಬೇರ್ಪಡಿಸಿದರು: ಜೀವನಪರ್ಯಂತ ಧರಿಸುವುದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. "ಇಂದಿನಿಂದ ಇಡೀ ಮನೆಯನ್ನು ಕನ್ನಡಿಯಂತೆ ಇಡುತ್ತೇನೆ" ಎಂಬುದು ಯಮದ ಭಾರ. ನಾಲ್ಕನೆಯ ದಿನಕ್ಕೆ ಅದು ಮುರಿಯುತ್ತದೆ. "ಬರುವ ಚತುರ್ದಶಿಯವರೆಗೆ ಮುಸುರೆ ಪಾತ್ರೆಯನ್ನು ರಾತ್ರಿಗೆ ಉಳಿಸುವುದಿಲ್ಲ" ಎಂಬುದು ನಿಯಮ. ಅವಧಿ ಮುಗಿದ ಬಳಿಕ ಅದನ್ನು ಮುಂದುವರಿಸಬಹುದು, ಅಥವಾ ಅದರೊಡನೆ ಇನ್ನೊಂದನ್ನು ಸೇರಿಸಬಹುದು.

ಮುಸುರೆಯಿಂದಲೇ ಆರಂಭಿಸುವುದು ಲೇಸು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಯಲ್ಲಿ ಬೆಳಕಿರುವಾಗಲೇ ಪಾತ್ರೆ ತೊಳೆದು, ಒಲೆಯ ಕಟ್ಟೆಯನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಹಿಂಡಿ ಒಣಗಿಸಲು ಸಾಧ್ಯವಾಗುತ್ತದೆ. ಹತ್ತು-ಹದಿನೈದು ನಿಮಿಷಗಳ ಕೆಲಸ. 48 ನಿಮಿಷಗಳ ಒಂದು ಸಾಮಾಯಿಕದ ಮೂರನೆಯ ಒಂದು ಭಾಗವೂ ಆಗಲಿಲ್ಲ. ತೇವವಿರುವ ಎಂಜಲಿನಲ್ಲಿ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆಂಬ ನಂಬಿಕೆಯನ್ನು ಒಪ್ಪದವರೂ, ರಾತ್ರಿ ದೀಪ ಹಾಕಿದೊಡನೆ ಚದುರಿ ಓಡುವ ಜಿರಳೆಗಳನ್ನು ಬಲ್ಲರು. ಅವುಗಳನ್ನು ಕರೆದದ್ದು ನಾವೇ. ಧಾನ್ಯದ ಡಬ್ಬಿಗಳಿಗೂ ಇದೇ ಮಾತು ಸಲ್ಲುತ್ತದೆ: ಸ್ವಲ್ಪ ಸ್ವಲ್ಪವೇ ತಂದು, ವಾರಕ್ಕೊಮ್ಮೆ ಒಂದು ಡಬ್ಬಿಯನ್ನಾದರೂ ಮೊರಕ್ಕೆ ಸುರಿದು ನೋಡಿದರೆ ನುಸಿ ಹೆಚ್ಚುವುದಿಲ್ಲ.

ಇಷ್ಟಾದರೂ ಕೆಲಸ ಹಗುರವಾಗದಿದ್ದರೆ ದೋಷ ಪೊರಕೆಯದಲ್ಲ, ಪರಿಗ್ರಹದ್ದು. ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಬಂಗಾರಗಳ ಜೊತೆಗೆ ಬಟ್ಟೆ ಮೊದಲಾದ ಕುಪ್ಯಕ್ಕೂ ಮಿತಿ ಹೇಳಿದೆ. ಗೋಡೆಗೆ ಒತ್ತಿ ಪೇರಿಸಿದ ಪ್ರತಿಯೊಂದು ಪೆಟ್ಟಿಗೆಯೂ ಪೊರಕೆ ಹೋಗಲಾರದ ಒಂದು ಮೊಳ ನೆಲವನ್ನು ಸೃಷ್ಟಿಸುತ್ತದೆ. ಉತ್ತಮ ಶೌಚವೆಂಬ ಧರ್ಮಕ್ಕೆ ಆಚಾರ್ಯರು ಸ್ನಾನ-ಮಡಿಗಳ ಅರ್ಥವನ್ನು ಕೊಡದೆ ಲೋಭದ ನಿವೃತ್ತಿಯೆಂದೇ ಅರ್ಥ ಹೇಳಿರುವುದು ಅಟ್ಟದ ಮುಂದೆ ನಿಂತಾಗ ಬಲು ಚೆನ್ನಾಗಿ ತಿಳಿಯುತ್ತದೆ.

ಗುಡಿಸುವಾಗ ಬಾಗಿಲಿನ ಕಡೆಗೆ ನಿಧಾನವಾಗಿ, ಮೃದುವಾದ ಪೊರಕೆಯಿಂದ ಗುಡಿಸಬೇಕು. ಇರುವೆಯ ಸಾಲು ಕಂಡರೆ ಮೊದಲು ಅದನ್ನು ಕರೆತಂದ ಬೆಲ್ಲದ ಚೂರನ್ನು ಹೊರಗಿಟ್ಟು, ಸಾಲು ಕರಗಲು ಕಾಯಬೇಕು. ಕಸವನ್ನು ಬೆಂಕಿಗೆ ಹಾಕದೆ ನೆರಳಿನಲ್ಲಿ ಚೆಲ್ಲಬೇಕು. ಕೆಲಸ ಮುಗಿದ ಮೇಲೆ ಪೊರಕೆಯನ್ನು ಒಮ್ಮೆ ಮೆಲ್ಲನೆ ಕೊಡವಿ, ಅದನ್ನು ಒರಗಿಸುವ ಮೂಲೆಯನ್ನೂ ನೋಡಿಯೇ ಇಡಬೇಕು.