ಸೊನ್ನೆ ಗಾಳಿಯ ಪೆಟ್ಟಿಗೆ

ಸಂತೆಯಲ್ಲಿ ರಾಗಿ ಕೊಳ್ಳುವಾಗ ನನ್ನ ಅವ್ವ ಮೊದಲು ಬರಿಯ ತಕ್ಕಡಿಯನ್ನು ಎತ್ತಿ ತೋರಿಸೆಂದು ಕೇಳುತ್ತಾಳೆ. ತಟ್ಟೆಗಳೆರಡೂ ಸಮನಾಗಿ ನಿಂತು ಮುಳ್ಳು ನೆಟ್ಟಗಾದ ಮೇಲೆಯೇ ಅವಳ ಚೀಲ ಬಿಚ್ಚುವುದು. ಗಾಳಿಯಲ್ಲಿ ಬೆರೆತಿರುವ ಕೆಟ್ಟ ಅನಿಲಗಳನ್ನು ಅಳೆಯುವ ಯಂತ್ರಗಳಿಗೂ ಹೀಗೆಯೇ ಆಗಾಗ್ಗೆ ಬರಿಯ ತಕ್ಕಡಿಯನ್ನು ತೋರಿಸಬೇಕಾಗುತ್ತದೆ. ಎಂದರೆ, ಆ ಅನಿಲಗಳು ಒಂದಿಷ್ಟೂ ಇಲ್ಲದ ಗಾಳಿಯನ್ನು ಉಣಿಸಿ, ‘ಇದು ಸೊನ್ನೆ’ ಎಂದು ಕಲಿಸಬೇಕಾಗುತ್ತದೆ. ಅಂಥ ಗಾಳಿಯನ್ನು ಸ್ಥಳದಲ್ಲಿಯೇ ತಯಾರಿಸುವ ಪೆಟ್ಟಿಗೆಗೆ ಜೀರೋ ಏರ್ ಜನರೇಟರ್ ಎಂದು ಹೆಸರು.

ಬಿ.ಎ. ತರಗತಿಯವನಿಗೆ ಈ ಯಂತ್ರದ ಗೊಡವೆ ಏಕೆಂದು ಗುರುಗಳು ಕೇಳಬಹುದು. ನನ್ನ ಸೋದರಮಾವ ಇಂಥ ಯಂತ್ರಗಳ ರಿಪೇರಿಯ ಕೆಲಸದಲ್ಲಿದ್ದಾರೆ. ರಜೆಯ ದಿನಗಳಲ್ಲಿ ಅವರೊಡನೆ ವ್ಯಾನಿನಲ್ಲಿ ಹೋಗಿ ಪೆಟ್ಟಿಗೆಯ ಒಂದು ಕಡೆಯ ಹಿಡಿ ಹಿಡಿದದ್ದೇ ನನ್ನ ವಿಜ್ಞಾನ ವ್ಯಾಸಂಗ. ಹೆಚ್ಚು ಬಲ್ಲವರು ತಪ್ಪಿದ್ದರೆ ತಿದ್ದಬೇಕು.

ಸಾರಜನಕದ ಸಿಲಿಂಡರೊಂದನ್ನು ತಂದು ಜೋಡಿಸಿದರೆ ಸಾಲದೇ ಎಂದು ನಾನೂ ಕೇಳಿದ್ದೆ. ಸಾಲದು. ಗಂಧಕದ ಡೈಆಕ್ಸೈಡನ್ನು ಅಳೆಯುವ ಯಂತ್ರವು ಅದರ ಮೇಲೆ ಅತಿನೇರಳೆ ಕಿರಣ ಬಿಟ್ಟು, ಅದು ಮರಳಿ ಸೂಸುವ ಬೆಳಕನ್ನು ಎಣಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಯಂತ್ರವು ಅದಕ್ಕೆ ಓಜೋನು ಬೆರೆಸಿ ಹುಟ್ಟುವ ಮಿಣುಕನ್ನು ಎಣಿಸುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರಾವಿ ಈ ಬೆಳಕನ್ನು ಸ್ವಲ್ಪ ಕುಂದಿಸುತ್ತವೆ. ಆದುದರಿಂದ ಯಂತ್ರವನ್ನು ಹದಗೊಳಿಸುವ ಗಾಳಿ ನಾವು ಉಸಿರಾಡುವ ಗಾಳಿಯಂತೆಯೇ ಆಮ್ಲಜನಕ ಉಳ್ಳದ್ದಾಗಿರಬೇಕು. ಅಲ್ಲದೆ ತಿಳಿದಷ್ಟು ಅನಿಲವನ್ನು ಬೆರೆಸಿ ಯಂತ್ರದ ಏರಿಕೆಯನ್ನು ಪರೀಕ್ಷಿಸುವಾಗಲೂ ಅದನ್ನು ತೆಳುಮಾಡಲು ಇದೇ ಗಾಳಿ ಬೇಕು. ನಿಮಿಷಕ್ಕೆ ಹಲವು ಲೀಟರು ಖರ್ಚಾಗುವ ಅದನ್ನು ಸಿಲಿಂಡರುಗಳಲ್ಲಿ ಹೊತ್ತು ತಿರುಗುವುದು ಯಾರಿಂದಾದೀತು?

ಪೆಟ್ಟಿಗೆಯೊಳಗೆ ಮೊದಲು ಒಂದು ಪಂಪು. ಅದು ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಸುರುಳಿ ಕೊಳವೆಯಲ್ಲಿ ತಣಿಸುತ್ತಾರೆ. ತಣಿದಾಗ ಅದರಲ್ಲಿನ ನೀರು ಹನಿಯಾಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಉಳಿದ ತೇವವನ್ನು ಸಿಲಿಕಾ ಜೆಲ್ಲಿನಂಥ ಹೀರುವ ಪದಾರ್ಥ ಹಿಡಿಯುತ್ತದೆ. ಬಳಿಕ ಗಾಳಿಯು ಪರ್ಮಾಂಗನೇಟು ಸವರಿದ ಗುಳಿಗೆಗಳ ಡಬ್ಬಿಯ ಮೂಲಕ ಹಾಯುತ್ತದೆ. ಹಿಂದೆ ಬಾವಿಗಳಿಗೆ ಹಾಕುತ್ತಿದ್ದ ಕೆನ್ನೀಲಿ ಪುಡಿಯೇ ಅದು. ಅದರಾಚೆಗೆ ಇದ್ದಲಿನ ಡಬ್ಬಿ. ಈ ಎರಡರ ಅನುಕ್ರಮವನ್ನು ಎಂದಿಗೂ ಹಿಂದುಮುಂದು ಮಾಡಬಾರದು. ನೈಟ್ರಿಕ್ ಆಕ್ಸೈಡು ಇದ್ದಲಿಗೆ ಸುಲಭವಾಗಿ ಅಂಟುವುದಿಲ್ಲ. ಪರ್ಮಾಂಗನೇಟು ಅದನ್ನು ನೈಟ್ರೋಜನ್ ಡೈಆಕ್ಸೈಡಾಗಿ ಮಾರ್ಪಡಿಸಿಕೊಟ್ಟರೆ ಇದ್ದಲು ಹಿಡಿದುಕೊಳ್ಳುತ್ತದೆ. ಇಂಗಾಲದ ಮೊನಾಕ್ಸೈಡಂತೂ ಇವೆರಡಕ್ಕೂ ಬಗ್ಗದು. ಅದಕ್ಕಾಗಿ ಕಾಯಿಸಿದ ವೇಗವರ್ಧಕದ ಕೊಳವೆಯೊಂದನ್ನು ಸೇರಿಸಿರುತ್ತಾರೆ. ಕೊನೆಯಲ್ಲಿ ದೂಳಿನ ಶೋಧಕ, ಏಕೆಂದರೆ ಇದ್ದಲು ತಾನೇ ಪುಡಿಯುದುರಿಸುತ್ತದೆ.

ನಡೆಸುವ ಕ್ರಮದಲ್ಲಿ ಎರಡು ಮಾತು ಮುಖ್ಯ. ವ್ಯಾನಿನ ಹೊಗೆ ಬರುವ ಕಡೆ ಪೆಟ್ಟಿಗೆಯ ಬಾಯಿ ಇರಕೂಡದು. ಕೊಳಕು ಗಾಳಿಯನ್ನೂ ಅದು ಶುದ್ಧಿ ಮಾಡೀತು, ಆದರೆ ಡಬ್ಬಿಗಳು ಬೇಗ ಸವೆಯುತ್ತವೆ. ಎರಡನೆಯದಾಗಿ, ಒತ್ತಡದ ಗಾಳಿಯನ್ನು ನೇರವಾಗಿ ಅಳೆಯುವ ಯಂತ್ರಕ್ಕೆ ನುಗ್ಗಿಸಬಾರದು. ನಡುವೆ ಕವಲು ಕೊಳವೆ ಹಾಕಿ, ಬೇಕಾದುದಕ್ಕಿಂತ ಹೆಚ್ಚು ಗಾಳಿ ಬಿಟ್ಟು, ಮಿಕ್ಕಿದ್ದು ಹೊರಗೆ ಹೋಗುವಂತೆ ಮಾಡಬೇಕು. ಕೊಳವೆ ಕಾದು ಗಾಳಿ ನೆಲೆಗೊಳ್ಳುವ ತನಕ ಅಂಕಿ ಬರೆಯುವ ಆತುರ ಬೇಡ. ಮಾವ ಆ ಹೊತ್ತಿನಲ್ಲಿ ಕಾಫಿಗೆ ಹೋಗುತ್ತಾರೆ.

ಇನ್ನು ಪೋಷಣೆ. ಬಟ್ಟಲಿನ ನೀರು ದಿನವೂ ಖಾಲಿಯಾಗುತ್ತಿರಬೇಕು. ಮಳೆಗಾಲದಲ್ಲಿ ಮರೆತರೆ ನೀರು ಡಬ್ಬಿಗಳಿಗೆ ಹತ್ತುತ್ತದೆ. ಬಣ್ಣದ ಜೆಲ್ಲು ನೀಲಿಯಿಂದ ನಸುಗೆಂಪಿಗೆ ತಿರುಗಿ ತನ್ನ ದಣಿವನ್ನು ತಾನೇ ಹೇಳುತ್ತದೆ. ಪರ್ಮಾಂಗನೇಟೂ ಕೆನ್ನೀಲಿ ಬಿಟ್ಟು ಕಂದಾಗುತ್ತದೆ. ಇದ್ದಲು ಮಾತ್ರ ಏನನ್ನೂ ಹೇಳುವುದಿಲ್ಲ. ಹೊಸದೂ ಕಪ್ಪು, ಸತ್ತದ್ದೂ ಕಪ್ಪು. ಅದನ್ನು ತಾರೀಖು ನೋಡಿಯೇ ಬದಲಿಸಬೇಕು. ತಾರೀಖನ್ನು ಯಾರಾದರೂ ಬರೆದಿಟ್ಟಿರಬೇಕು.

ಹೋದ ಮಳೆಗಾಲದಲ್ಲಿ ಒಂದು ಊರಿನ ಕೇಂದ್ರಕ್ಕೆ ಹೋಗಿದ್ದೆವು. ಅಲ್ಲಿನ ಪುಸ್ತಕದಲ್ಲಿ ಪ್ರತಿ ತಿಂಗಳೂ ರುಜು ಇತ್ತು, ಇದ್ದಲಿನ ಕಲಮು ಖಾಲಿ ಇತ್ತು. ಮಾವ ಹೊಸ ಇದ್ದಲು ತುಂಬಿದರು. ನಡುವೆ ಪೊಳ್ಳು ಉಳಿದರೆ ಗಾಳಿ ಆ ದಾರಿಯಲ್ಲೇ ನುಸುಳುವುದೆಂದು ಡಬ್ಬಿಯನ್ನು ತಟ್ಟಿ ತಟ್ಟಿ ತುಂಬಿಸುವುದು ನನ್ನ ಪಾಲಿನ ಕೆಲಸ. ಯಂತ್ರಕ್ಕೆ ಗಾಳಿ ಬಿಟ್ಟಾಗ ನೈಟ್ರೋಜನ್ ಡೈಆಕ್ಸೈಡಿನ ಅಂಕಿ ಸೊನ್ನೆ ದಾಟಿ ಕೆಳಗಿಳಿದು, ಋಣ ಆರು ಪಿಪಿಬಿ ಎಂದು ನಿಂತಿತು.

“ಸೊನ್ನೆಗಿಂತ ಕಡಿಮೆ ಎಲ್ಲಾದರೂ ಉಂಟೇ ಮಾವ?” ಎಂದೆ.

“ಹಳೇ ಇದ್ದಲು ಆರು ಪಾಲು ಬಿಟ್ಟುಕೊಂಡು ಬರ್ತಿತ್ತು ಕಣೋ. ಅದನ್ನೇ ಸೊನ್ನೆ ಅಂತ ಕಲಿಸಿಬಿಟ್ಟವ್ರೆ,” ಎಂದರು.

ಶತಕೋಟಿಯಲ್ಲಿ ಆರು ಪಾಲು ಅಲ್ಪವೆಂದು ತೋರಬಹುದು. ನೈಟ್ರೋಜನ್ ಡೈಆಕ್ಸೈಡಿನ ಲೆಕ್ಕದಲ್ಲಿ ಅದು ಘನಮೀಟರಿಗೆ ಸುಮಾರು 11 ಮೈಕ್ರೋಗ್ರಾಂ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದಂತೆ ವಾರ್ಷಿಕ ಮಿತಿ 40. ಎಂದರೆ, 45 ಇರುವ ಊರು 34 ಎಂದು ಹೇಳಿಕೊಂಡು ಮಿತಿಯೊಳಗೆ ಉಳಿದುಬಿಡಬಹುದು. ಯಾರೂ ಸುಳ್ಳು ಬರೆದಿರುವುದಿಲ್ಲ.

ಆ ಹಳೆಯ ಅಂಕಿಗಳನ್ನು ಏನು ಮಾಡುವುದೆಂದು ಅಲ್ಲಿದ್ದವರು ಕೇಳಿದರು. ಮುಂದಿನದು ಸರಿಯಿದ್ದರೆ ಸಾಕಲ್ಲವೇ ಎಂದೂ ಅಂದರು. ಮಾವ ಒಪ್ಪಲಿಲ್ಲ. ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ಬರೆಯದೆ ರುಜು ಹಾಕುವುದಿಲ್ಲವೆಂದು ಕುಳಿತರು. ಅಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪಿತು. ಆಗ ನನಗೆ ಅವರ ಮೇಲೆ ಕೋಪವೇ ಬಂದಿತ್ತು. ಆಮೇಲೆ ಅವ್ವನ ನೆನಪಾಯಿತು. ಅವ್ವ ಬಸ್ ನಿಲ್ದಾಣದ ಬಳಿ ಹೂ ಮಾರುತ್ತಾಳೆ. ಎದುರಿನ ಹಲಗೆಯಲ್ಲಿ ಗಾಳಿಯ ಅಂಕಿಗಳು ಕೆಂಪಗೆ ಓಡುತ್ತವೆ. ಓದು ಬಾರದ ಅವಳು ಅದರಲ್ಲಿ ಏನಿದೆಯೆಂದು ನನ್ನನ್ನು ಕೇಳುತ್ತಾಳೆ, ನಾನು ಓದಿ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಬಾಯಿಗಳೆರಡಕ್ಕೂ ಮುಚ್ಚಳ ಹಾಕಬೇಕು. ತೆರೆದಿಟ್ಟರೆ ಇದ್ದಲು ಸುಮ್ಮನೆ ಕುಳಿತಲ್ಲೇ ಊರ ಗಾಳಿಯನ್ನು ಹೀರಿ ಸವೆಯುತ್ತದೆ. ಹೊರಡುವ ಮುನ್ನ ಮೂತಿ ಮುಚ್ಚಿ, ಪಂಪು ನಿಲ್ಲಿಸಿ, ಒತ್ತಡದ ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ಇಳಿದರೆ ಎಲ್ಲೋ ಸೋರಿಕೆ ಇದೆ; ಕೀಲುಗಳಿಗೆ ಸೋಪಿನ ನೀರು ಸವರಿದರೆ ಗುಳ್ಳೆ ಎದ್ದು ತೋರಿಸಿಕೊಡುತ್ತದೆ. ಇದ್ದಲು ತುಂಬಿದ ತಾರೀಖನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸುವುದು ಕೊನೆಯ ಕೆಲಸ. ಮಾವನ ಅಕ್ಷರ ಚೆನ್ನಾಗಿಲ್ಲವಾದ್ದರಿಂದ ಅದನ್ನು ನಾನು ಬರೆಯುತ್ತೇನೆ.