ಗಾಳದ ಕೋಲು ಮತ್ತು ರೀಲ್: ಕೃಷಿ ಹೊಂಡ ಹಾಗೂ ಕೆರೆಗಳಿಗೆ ತಕ್ಕ ಆಯ್ಕೆ, ಜೋಡಣೆ ಮತ್ತು ನಿರ್ವಹಣೆ

ಪೀಠಿಕೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿ, ಕನಕಪುರ ರಸ್ತೆ ಹಾಗೂ ಬನ್ನೇರುಘಟ್ಟ ರಸ್ತೆಯ ಆಚೆಗಿನ ಗ್ರಾಮಗಳಲ್ಲಿ ಜಮೀನು ನೋಡಿಕೊಳ್ಳುವ ಕೃಷಿಕರಿದ್ದಾರೆ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಅವುಗಳಲ್ಲಿ ಮೀನು ಸಾಕುವ ರೂಢಿಯೂ ಬೆಳೆಯಿತು. ಪಾಲಿಥಿನ್ ಹಾಳೆ ಹೊದಿಸಿದ ಹೊಂಡದಲ್ಲಿ ಬಲೆ ಎಳೆದಾಗ ಸೀಸದ ಗುಂಡುಗಳಿಂದ ಮತ್ತು ಕಾಲ್ತುಳಿತದಿಂದ ಹಾಳೆಗೆ ಹಾನಿಯಾಗುವ ಸಂಭವವಿರುತ್ತದೆ. ಇಂತಹ ಕಡೆ ಗಾಳದ ಕೋಲು ಉಪಯುಕ್ತ ಸಾಧನ. ಮೀನಿನ ಬೆಳವಣಿಗೆಯನ್ನು ಆಗಾಗ್ಗೆ ಅಂದಾಜು ಮಾಡಲು, ಮಿತಿಮೀರಿ ಮರಿಮಾಡುವ ತಿಲಾಪಿಯಾವನ್ನು ತೆಗೆಯಲು, ಮನೆಗೆ ಬೇಕಾದ ಒಂದೆರಡು ಮೀನು ಹಿಡಿಯಲು ಇದು ಸಾಕು. ಆದರೆ ಗಾಳಕ್ಕೆ ಹಸಿದ ಮೀನೇ ಮೊದಲು ಬೀಳುವುದರಿಂದ, ಆಹಾರದ ಪ್ರಮಾಣ ನಿರ್ಧರಿಸಲು ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಮಾರುಕಟ್ಟೆಯಲ್ಲಿ ದೊರೆಯುವ ಹಲವು ಕೋಲುಗಳ ಮೇಲೆ 'ಬಾಸ್ ರಾಡ್' ಎಂಬ ಹೆಸರಿರುತ್ತದೆ. ಬಾಸ್ ಎಂಬುದು ಉತ್ತರ ಅಮೆರಿಕದ ಮೀನು, ನಮ್ಮ ಕೆರೆಗಳದ್ದಲ್ಲ. ಗಿಡಗಂಟಿಗಳ ಮರೆಯಲ್ಲಿ ಹೊಂಚು ಹಾಕಿ ಎರಗುವ ಸ್ವಭಾವದಲ್ಲಿ ಅದನ್ನು ಹೋಲುವ ನಮ್ಮ ಮೀನೆಂದರೆ ಮುರ್ರೆಲ್ ಎಂದೂ ಕರೆಯಲಾಗುವ ಕೊರವ. ಆದುದರಿಂದ ಆ ಕೋಲುಗಳು ಕೊರವ ಮೀನಿಗೆ ಹೊಂದುತ್ತವೆ. ಆದರೆ ಅಂಗೈಯಗಲದ ತಿಲಾಪಿಯಾಕ್ಕೆ ಹೊಂದುವುದಿಲ್ಲ. ಹೆಸರು ನೋಡಿ ಕೊಳ್ಳದೆ, ಹಿಡಿಯಬೇಕಾದ ಮೀನನ್ನು ನೋಡಿ ಕೊಳ್ಳುವುದೇ ಮೊದಲ ನಿಯಮ.

ಸಮತೋಲನದ ತತ್ತ್ವ

ಕೋಲು, ರೀಲ್, ದಾರ, ಕೊಕ್ಕೆ ಇವು ನಾಲ್ಕೂ ಒಂದೇ ಸರಪಳಿಯ ಕೊಂಡಿಗಳು. ಎಳೆತ ಹೆಚ್ಚಾದಾಗ ಇವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಮೊದಲು ಸೋಲುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದು ದಾರ ಅಥವಾ ಗಂಟು. ದಾರ ಕಡಿದರೆ ಮೀನು ತಪ್ಪಿತೆಂಬಷ್ಟಕ್ಕೇ ನಷ್ಟ ನಿಲ್ಲುವುದಿಲ್ಲ. ಕೊಕ್ಕೆ ಬಾಯಲ್ಲುಳಿದ ಮೀನು ಮೇವು ತಿನ್ನಲಾರದೆ ಸೊರಗಬಹುದು. ನೀರಿನಲ್ಲುಳಿದ ನೈಲಾನ್ ದಾರ ಬೇಗ ಕೊಳೆಯದು. ಮಡಿವಾಳ, ಪುಟ್ಟೇನಹಳ್ಳಿಯಂತಹ ಕೆರೆಗಳಿಗೆ ಬರುವ ನೀರುಹಕ್ಕಿಗಳ ಕಾಲಿಗೂ ರೆಕ್ಕೆಗೂ ಅದು ಉರುಳಾಗುತ್ತದೆ. ಆದುದರಿಂದ ದಾರ ಕಡಿಯದಂತೆ ಸಲಕರಣೆಯನ್ನು ಹೊಂದಿಸುವುದೇ ಈ ಲೇಖನದ ಮುಖ್ಯ ಉದ್ದೇಶ.

ಆಯ್ಕೆ

ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಅದರ ಉದ್ದ, ಬಲದ ದರ್ಜೆ, ತಾಳಬಲ್ಲ ದಾರದ ಮಿತಿ ಹಾಗೂ ಎಸೆಯಬಹುದಾದ ತೂಕವನ್ನು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ದಾರದ ಬಲವನ್ನು ಪೌಂಡ್‌ಗಳಲ್ಲಿ ನಮೂದಿಸುವುದು ವಾಡಿಕೆ; 10 ಪೌಂಡ್ ಎಂದರೆ ಸುಮಾರು 4.5 ಕಿಲೋಗ್ರಾಂ. ರೀಲಿನ ಗಾತ್ರವನ್ನು 1000, 2000, 3000 ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. ಕೆಳಗಿನ ಹೊಂದಾಣಿಕೆಯನ್ನು ಮಾರ್ಗದರ್ಶಿಯಾಗಿ ಬಳಸಬಹುದು.

• ತಿಲಾಪಿಯಾ ಅಥವಾ ಜಿಲೇಬಿ ಮೀನು: 5.5ರಿಂದ 6 ಅಡಿಯ ಹಗುರ ಕೋಲು, 1000–2000 ಗಾತ್ರದ ರೀಲ್, 4–6 ಪೌಂಡ್ ನೈಲಾನ್ ದಾರ, 8ರಿಂದ 10ನೇ ಸಂಖ್ಯೆಯ ಚಿಕ್ಕ ಕೊಕ್ಕೆ.
• ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ: 7ರಿಂದ 8 ಅಡಿಯ ಮಧ್ಯಮ ಕೋಲು, 3000–4000 ಗಾತ್ರದ ರೀಲ್, 10–14 ಪೌಂಡ್ ನೈಲಾನ್ ದಾರ.
• ಕೊರವ: 6.5ರಿಂದ 7 ಅಡಿಯ, ಮಧ್ಯಮಕ್ಕಿಂತ ತುಸು ಗಡುಸಾದ ಕೋಲು, 3000–4000 ಗಾತ್ರದ ರೀಲ್, 30–40 ಪೌಂಡ್ ಹೆಣೆದ ದಾರ, ರಬ್ಬರ್ ಕಪ್ಪೆ.

ಸಣ್ಣ ಕೊಕ್ಕೆಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದಾಗುತ್ತದೆ ಎಂಬುದನ್ನು ಗಮನಿಸಿ.

ಗಾಜಿನ ನಾರಿನ ಕೋಲು ತೂಕದಲ್ಲಿ ಹೆಚ್ಚಾದರೂ ಪೆಟ್ಟು ತಾಳುತ್ತದೆ, ಬೆಲೆಯೂ ಕಡಿಮೆ. ಕಾರ್ಬನ್ ಕೋಲು ಹಗುರ ಮತ್ತು ಸೂಕ್ಷ್ಮ. ಆದರೆ ಪಕ್ಕದಿಂದ ಬಿದ್ದ ಪೆಟ್ಟಿಗೆ ಬಿರುಕು ಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಕಾರ್ಬನ್ ವಿದ್ಯುತ್ ವಾಹಕ. ಪಂಪ್‌ಸೆಟ್‌ಗೆ ಎಳೆದ ವಿದ್ಯುತ್ ತಂತಿಗಳು ಹೊಂಡದ ಮೇಲೆ ಅಥವಾ ಸಮೀಪ ಹಾದುಹೋಗಿದ್ದರೆ ಅಲ್ಲಿ ಯಾವುದೇ ಕೋಲನ್ನೂ ಎತ್ತಕೂಡದು. ಗುಡುಗು ಕೇಳಿಸಿದೊಡನೆ ಕೋಲನ್ನು ಕೆಳಗಿಟ್ಟು ಸುರಕ್ಷಿತ ಸ್ಥಳಕ್ಕೆ ತೆರಳಬೇಕು.

ಹೊಸಬರಿಗೆ ಕೋಲಿನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲ್ ಸೂಕ್ತ. ಕೋಲಿನ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲ್ ನಿಖರ ಎಸೆತಕ್ಕೆ ಒಳ್ಳೆಯದಾದರೂ, ಹೆಬ್ಬೆರಳಿನಿಂದ ಉರುಳೆಯನ್ನು ತಡೆಯುವ ಅಭ್ಯಾಸವಿಲ್ಲದಿದ್ದರೆ ದಾರ ಗೋಜಲಾಗುತ್ತದೆ. ಕೊಳ್ಳುವಾಗ ಬೇರಿಂಗ್‌ಗಳ ಸಂಖ್ಯೆಗೆ ಮಾರುಹೋಗದೆ, ಹಿಡಿಕೆ ತಿರುಗಿಸಿದಾಗ ತಡೆಯಿಲ್ಲದೆ ಸಾಗುವುದೇ, ಡ್ರ್ಯಾಗ್ ಸಡಿಲಿಸಿ ದಾರ ಎಳೆದಾಗ ಜರ್ಕ್ ಇಲ್ಲದೆ ಬಿಡುವುದೇ ಎಂಬುದನ್ನು ಪರೀಕ್ಷಿಸಿ. ಡ್ರ್ಯಾಗ್ ಎಂದರೆ ನಿಗದಿತ ಎಳೆತ ಮೀರಿದಾಗ ದಾರವನ್ನು ತಾನಾಗಿಯೇ ಬಿಟ್ಟುಕೊಡುವ ರೀಲಿನ ತಡೆ.

ಜೋಡಣೆಯ ಹಂತಗಳು

1. ಕೋಲಿನ ಭಾಗಗಳನ್ನು ಸೇರಿಸಿ, ಎಲ್ಲ ಉಂಗುರಗಳೂ ಒಂದೇ ಸಾಲಿನಲ್ಲಿರುವಂತೆ ನೋಡಿಕೊಳ್ಳಿ. ರೀಲನ್ನು ಅಲುಗಾಡದಂತೆ ಬಿಗಿಯಿರಿ.

2. ದಾರವನ್ನು ಮೊದಲು ಉಂಗುರಗಳ ಮೂಲಕ ತಂದು, ರೀಲಿನ ಬೇಲ್ ತಂತಿಯನ್ನು ತೆರೆದ ನಂತರವೇ ಸ್ಪೂಲಿಗೆ ಕಟ್ಟಿ. ಹೆಣೆದ ದಾರವನ್ನು ನುಣುಪಾದ ಸ್ಪೂಲಿಗೆ ನೇರವಾಗಿ ಕಟ್ಟಿದರೆ ಜಾರುತ್ತದೆ. ಅಡಿಯಲ್ಲಿ ಕೆಲವು ಮೀಟರ್ ನೈಲಾನ್ ದಾರ ಸುತ್ತಿರಬೇಕು.

3. ದಾರದ ಉಂಡೆಯನ್ನು ನೆಲದ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಲ್ಲಿ ದಾರವನ್ನು ಮೆದುವಾಗಿ ಹಿಡಿದು ಸುತ್ತಿ. ಹತ್ತಿಪ್ಪತ್ತು ಸುತ್ತುಗಳ ನಂತರ ದಾರವನ್ನು ಸಡಿಲಿಸಿ ನೋಡಿ; ಹುರಿಗೊಂಡರೆ ಉಂಡೆಯನ್ನು ಮಗುಚಿ ಹಾಕಿ.

4. ಸ್ಪೂಲಿನ ಅಂಚಿಗೆ 2–3 ಮಿಲಿಮೀಟರ್ ಬಾಕಿಯಿರುವಂತೆ ತುಂಬಿ. ಕಡಿಮೆಯಾದರೆ ಎಸೆತ ದೂರ ಹೋಗದು; ಹೆಚ್ಚಾದರೆ ಸುರುಳಿಗಳು ಒಟ್ಟಿಗೆ ಕಳಚಿ ಬೀಳುತ್ತವೆ.

5. ಕೊಕ್ಕೆಯ ಕಣ್ಣಿಗೆ ದಾರ ಪೋಣಿಸಿ, ತುದಿಯನ್ನು ಮೂಲ ದಾರಕ್ಕೆ ಐದು ಸುತ್ತು ಹಾಕಿ, ಕಣ್ಣಿನ ಬಳಿಯ ಕುಣಿಕೆಯೊಳಗೆ ತೂರಿಸಿ, ಹಾಗೆ ಉಂಟಾದ ದೊಡ್ಡ ಕುಣಿಕೆಯೊಳಗೂ ತೂರಿಸಿ ಎಳೆಯಿರಿ. ಬಿಗಿಯುವ ಮುನ್ನ ಗಂಟನ್ನು ಕಡ್ಡಾಯವಾಗಿ ಒದ್ದೆ ಮಾಡಿ. ಒಣ ಗಂಟು ಉಜ್ಜಿದ ಬಿಸಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಜಾರುವ ಸ್ವಭಾವದ ಹೆಣೆದ ದಾರಕ್ಕೆ ಎರಡೆಳೆಯಲ್ಲಿ ಕಟ್ಟುವ ಪಾಲೋಮರ್ ಗಂಟು ಉತ್ತಮ.

6. ಡ್ರ್ಯಾಗ್ ಹೊಂದಿಸಲು ಸ್ಪ್ರಿಂಗ್ ತಕ್ಕಡಿ ಬಳಸಿ. ಕೊಕ್ಕೆ ಕಟ್ಟುವ ಮುನ್ನ ದಾರದ ತುದಿಯನ್ನು ತಕ್ಕಡಿಗೆ ಕಟ್ಟಿ, ಕೋಲನ್ನು ಮೀನು ಎಳೆಯುವಾಗಿನ ಕೋನದಲ್ಲಿ ಹಿಡಿದು, ಇನ್ನೊಬ್ಬರಿಂದ ನಿಧಾನವಾಗಿ ಎಳೆಯಿಸಿ. ದಾರದ ಬಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಸ್ಪೂಲ್ ತಿರುಗಲಾರಂಭಿಸಬೇಕು. 6 ಕಿಲೋಗ್ರಾಂ ಬಲದ ದಾರವಿದ್ದರೆ ತಕ್ಕಡಿಯಲ್ಲಿ ಒಂದೂವರೆಯಿಂದ ಎರಡು ಕಿಲೋಗ್ರಾಂ ತೋರಿದಾಗ ದಾರ ಬಿಡಬೇಕು. ಉಳಿದ ಬಲವು ಗಂಟಿನ ದೌರ್ಬಲ್ಯಕ್ಕೂ ಮೀನಿನ ಹಠಾತ್ ಜಗ್ಗಾಟಕ್ಕೂ ಮೀಸಲು. ಹೆಣೆದ ದಾರದಲ್ಲಿ ಈ ಲೆಕ್ಕವನ್ನು ಕುರುಡಾಗಿ ಅನುಸರಿಸಬಾರದು. ಅಲ್ಲಿ ಮೊದಲು ಮುರಿಯುವುದು ಕೋಲು. ಕೊರವ ಮೀನಿಗೆ 3 ಕಿಲೋಗ್ರಾಂ ಸುಮಾರಿನ ತಡೆ ಸಾಕಾಗುತ್ತದೆ.

ಹೊಂಡದಲ್ಲಿ ಬಳಕೆ

ಹಾಳೆ ಹೊದಿಸಿದ ಹೊಂಡದಲ್ಲಿ ಕೊಕ್ಕೆ ತಳ ಮುಟ್ಟಕೂಡದು. ಬೆಂಡು ಕಟ್ಟಿ, ಕೊಕ್ಕೆಯು ತಳದಿಂದ ಕನಿಷ್ಠ ಎರಡು ಅಡಿ ಮೇಲಿರುವಂತೆ ಆಳ ಹೊಂದಿಸಿ. ಇಳಿಜಾರಿನ ಅಂಚಿನಲ್ಲಿ ಹಾಕದೆ ನಡುವಿನಲ್ಲಿ ಹಾಕಿ. ಎರೆಹುಳು ಅಥವಾ ಹಿಟ್ಟಿನ ಉಂಡೆ ಎರೆಯಾಗಿ ಸಾಕು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿದರೆ ಮೀನಿನ ಬಾಯಿಗೂ ಹಿಡಿಯುವವರ ಬೆರಳಿಗೂ ಹಾನಿ ಕಡಿಮೆ. ತೂಕ ನೋಡಿ ಮರಳಿ ಬಿಡುವ ಮೀನನ್ನು ಒದ್ದೆ ಕೈಯಿಂದ ಹಿಡಿಯಿರಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆಯ ರಕ್ಷಣಾ ಪದರ ಕಳಚುತ್ತದೆ. ಮುಂಜಾನೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕದ ಕೊರತೆಯ ಲಕ್ಷಣ. ಅಂದು ಗಾಳ ಹಾಕದೆ ಹೊಸ ನೀರು ಹಾಯಿಸಿ.

ಮಳೆಗಾಲದಲ್ಲಿ ಕೆಂಬಣ್ಣದ ಮರಿಗಳ ಗುಂಪಿನೊಂದಿಗೆ ಕಾಣುವ ಕೊರವ ಮೀನನ್ನು ಹಿಡಿಯಬೇಡಿ. ತಾಯಿತಂದೆ ಮೀನುಗಳು ಮರಿ ಕಾಯುತ್ತಿರುತ್ತವೆ. ಅವನ್ನು ತೆಗೆದರೆ ಇಡೀ ಗುಂಪು ಇತರ ಮೀನುಗಳ ಪಾಲಾಗುತ್ತದೆ.

ನಿರ್ವಹಣೆ

ಪ್ರತಿ ಬಳಕೆಯ ನಂತರ: ಡ್ರ್ಯಾಗನ್ನು ಪೂರ್ಣ ಸಡಿಲಿಸಿ. ಕೋಲು ಮತ್ತು ರೀಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ. ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೆ ಮಣ್ಣು ರೀಲಿನೊಳಗೆ ಸೇರುತ್ತದೆ. ದಾರದ ಕೊನೆಯ ಒಂದು ಮೀಟರನ್ನು ಬೆರಳುಗಳ ನಡುವೆ ಎಳೆದು ನೋಡಿ; ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಿ.

ತಿಂಗಳಿಗೊಮ್ಮೆ: ಪ್ರತಿ ಉಂಗುರದೊಳಗೆ ಹತ್ತಿಯನ್ನು ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ. ಕಾರಣ ತಿಳಿಯದೆ ದಾರ ಪದೇ ಪದೇ ಕಡಿಯುತ್ತಿದ್ದರೆ ಮೊದಲು ಇದನ್ನೇ ಪರಿಶೀಲಿಸಿ. ದಾರ ಹಾಯುವ ರೋಲರ್ ಹಾಗೂ ಹಿಡಿಕೆಯ ಕೀಲಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ಡ್ರ್ಯಾಗಿನ ಬಿಲ್ಲೆಗಳಿಗೆ ಸಾಮಾನ್ಯ ಎಣ್ಣೆ ಸೋಕಿಸಬಾರದು, ತಡೆ ಏರುಪೇರಾಗುತ್ತದೆ.

ವರ್ಷಕ್ಕೊಮ್ಮೆ: ಹಳೆಯ ಗ್ರೀಸ್ ಒರೆಸಿ ಹಲ್ಲುಚಕ್ರಗಳಿಗೆ ತೆಳುವಾಗಿ ಹೊಸ ಗ್ರೀಸ್ ಹಚ್ಚಿ. ಬಿಸಿಲಿಗೆ ದುರ್ಬಲವಾಗುವ ನೈಲಾನ್ ದಾರವನ್ನು ಬದಲಿಸಿ. ಹಳೆಯ ದಾರವನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ಕಸಕ್ಕೆ ಕೊಡಿ. ಕೆರೆಯ ಏರಿಯ ಮೇಲೆ ಎಸೆಯಬೇಡಿ.

ಸಲಕರಣೆಯನ್ನು ರಸಗೊಬ್ಬರ ಮತ್ತು ಕೀಟನಾಶಕ ಇಡುವ ಕೋಣೆಯಲ್ಲಿ ಇಡಬಾರದು. ಗೊಬ್ಬರದ ಲವಣ ಲೋಹವನ್ನು ತಿನ್ನುತ್ತದೆ. ಕೀಟನಾಶಕದ ಅಂಶ ಕೊಕ್ಕೆಯ ಮೂಲಕ ನೀರಿಗೆ ಸೇರಬಹುದು. ಒಂದು ಕೆರೆಯಲ್ಲಿ ಬಳಸಿದ್ದನ್ನು ಪೂರ್ತಿ ಒಣಗಿಸದೆ ಇನ್ನೊಂದು ಹೊಂಡಕ್ಕೆ ಒಯ್ಯಬೇಡಿ. ಮೀನಿನ ಹೇನು ಹಾಗೂ ಅಂತರಗಂಗೆಯ ತುಣುಕುಗಳು ಹೀಗೆಯೇ ಹರಡುತ್ತವೆ.

ಅನುಮತಿ ಮತ್ತು ಎಚ್ಚರಿಕೆ

ಸ್ವಂತ ಹೊಂಡವಲ್ಲದೆ ಬೇರೆಡೆ ಗಾಳ ಹಾಕುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ಹಾಗೂ ಕೆರೆಯ ಉಸ್ತುವಾರಿ ಹೊತ್ತ ಸಂಸ್ಥೆಯಲ್ಲಿ ವಿಚಾರಿಸಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಮತ್ತು ಕಾವೇರಿ ವನ್ಯಧಾಮದೊಳಗೆ ಗಾಳದ ಕೋಲನ್ನು ಒಯ್ಯಲೇಬೇಡಿ. ಕಾವೇರಿ ಕಣಿವೆಗೆ ಮಾತ್ರ ಸೀಮಿತವಾದ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಐಯುಸಿಎನ್ ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ವರ್ಗೀಕರಿಸಿದೆ. ಕೊಳಚೆ ನೀರು ಸೇರುವ ನಗರದ ಕೆರೆಗಳ ಮೀನನ್ನು ಆಹಾರಕ್ಕೆ ಬಳಸದಿರುವುದು ಕ್ಷೇಮ. ಆಟಕ್ಕೆಂದು ವಿದೇಶಿ ಮೀನುಗಳನ್ನು ತಂದು ಹೊಂಡಕ್ಕೆ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇಂದು ನಮ್ಮ ಕೆರೆಗಳಲ್ಲಿ ಎಷ್ಟು ಹರಡಿದೆ ಎಂಬುದು ಕಣ್ಣೆದುರಿಗೇ ಇದೆ.

ವಿಸ್ತರಣಾ ಕಾರ್ಯಕರ್ತರು ಹೊಂಡದ ಪ್ರಾತ್ಯಕ್ಷಿಕೆಗಳಲ್ಲಿ ಡ್ರ್ಯಾಗ್ ಹೊಂದಿಸುವ ಹಂತವನ್ನು ಸ್ಪ್ರಿಂಗ್ ತಕ್ಕಡಿಯೊಂದಿಗೆ ರೈತ ಬಾಂಧವರ ಕೈಯಲ್ಲೇ ಮಾಡಿಸಬೇಕು. ಐದು ನಿಮಿಷದ ಈ ಕೆಲಸ ದಾರವನ್ನೂ ಮೀನನ್ನೂ ಹಕ್ಕಿಯನ್ನೂ ಉಳಿಸುತ್ತದೆ. ಮೀನು ಸಾಕಣೆಯ ಹೆಚ್ಚಿನ ಮಾಹಿತಿಗೆ ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.